ಒತ್ತು, ತಡಿ, ಬಿಡು

ಬ್ಯಾಲರಾಟ್‌ನಲ್ಲಿ ಜುಲೈ ಎಂದರೆ
ಸ್ಪ್ಯಾನರ್ ಬೆರಳಿಗೆ ಅಂಟಿಕೊಳ್ಳುವ ಚಳಿ.
ಹುಲ್ಲಿನ ಮೇಲೆ ಹತ್ತು ಗಂಟೆಗೂ ಕರಗದ ಬಿಳಿ ಉಪ್ಪು.
ಹದಿನೆಂಟು ವರ್ಷದ ಸುಬಾರು
ಜ್ಯಾಕಿನ ಮೇಲೆ ಒಂದು ಹಿಂಗಾಲೆತ್ತಿ ನಿಂತಿದೆ,
ಕಂಬ ಕಂಡ ನಾಯಿಯ ಹಾಗೆ.

ಎಂಜಿನ್ ಆಯಿಲಿಗೆ ಒಬ್ಬಳೇ ಸಾಕು.
ಮೂರು ವರ್ಷದಿಂದ ನಾನೇ ಬದಲಿಸುತ್ತೇನೆ:
ತಳದ ಬೋಲ್ಟು, ಹಳೆಯ ಬೋಗುಣಿ, ಕಪ್ಪಗೆ ಇಳಿಯುವ ಧಾರೆ,
ಹೊಸ ವಾಷರು, ಮೊಣಕೈತನಕ ಮಸಿ.
ಕೂಲೆಂಟಿಗೂ ಒಬ್ಬಳೇ ಸಾಕು.
ಬ್ರೇಕಿನ ಎಣ್ಣೆಗೆ ಮಾತ್ರ ಇಬ್ಬರು ಬೇಕು,
ಒಳಗೆ ಪೆಡಲ್ ತುಳಿಯಲು ಒಬ್ಬರು,
ಹೊರಗೆ ಗಾಲಿಯ ಬಳಿ ಮಲಗಲು ಒಬ್ಬರು.
ಗ್ಯಾರೇಜಿನವನು ಮುನ್ನೂರ ನಲವತ್ತು ಡಾಲರ್ ಕೇಳಿದ.
ಬೇಕರಿಯ ರಾತ್ರಿಪಾಳಿಯವಳು ನಾನು,
ಅಷ್ಟಕ್ಕೆ ಎಷ್ಟು ಬ್ರೆಡ್ಡು ತಟ್ಟಬೇಕೆಂದು ಎಣಿಸಿ ಫೋನಿಟ್ಟೆ.

ಒಳಗೆ ಕೂತವಳು ಚಿಗವ್ವ.
ಮೂರು ತಿಂಗಳ ವೀಸಾದಲ್ಲಿ ಬಂದವಳು,
ರೋಣದ ಕಡೆ ಮೂವತ್ತೊಂದು ವರ್ಷ
ಹೆರಿಗೆ ಮಾಡಿಸಿದ ಸಿಸ್ಟರ್ ನೀಲಗಂಗವ್ವ.
ಸ್ಟೀರಿಂಗಿನ ಹಿಂದೆ ಕೂತದ್ದು ಜನ್ಮದಲ್ಲಿ ಇದೇ ಮೊದಲು.
ಸೀರೆಯ ಮೇಲೆ ನನ್ನ ಹಳೆಯ ಜಾಕೆಟ್ಟು.
ಚಪ್ಪಲಿ, ಕಾಲುಚೀಲ ಎರಡನ್ನೂ ಕಳಚಿಟ್ಟಳು.
"ಬರಿಗಾಲಿಗೆ ಛಲೋ ತಿಳೀತೈತಿ."

ಪಾಠ ಹೇಳಿದೆ: ಒತ್ತು ಅಂದಾಗ ಒತ್ತು,
ತಡಿ ಅಂದರೆ ಅಲ್ಲೇ ತಡಿ,
ಬಿಡು ಅನ್ನುವತನಕ ಜೀವ ಹೋದರೂ ಬಿಡಬೇಡ.
ಅವಳು ಕನ್ನಡಿಯಲ್ಲಿ ನನ್ನನ್ನು ಹುಡುಕಿ ನಕ್ಕಳು.
"ಇದನ್ನ ನನಗ ಕಲಸ್ತೀಯೇನ?"

ಎಡಗಡೆಯ ಹಿಂದಿನ ಗಾಲಿ ಮೊದಲು.
ದೂರದ್ದು ಮೊದಲು ಎಂದಿದ್ದ ಪಕ್ಕದ ಮನೆಯ ಕೆಲ್ವಿನ್,
ರೈಲ್ವೆ ವರ್ಕ್‌ಶಾಪಿನ ಮುದುಕ, ಈ ಸ್ಟ್ಯಾಂಡುಗಳೂ ಅವನವೇ.
ನಳಿಕೆಯ ಒಂದು ತುದಿ ನಿಪ್ಪಲಿಗೆ,
ಇನ್ನೊಂದು ವೆಜಿಮೈಟ್ ತೀರಿದ ಬಾಟಲಿಗೆ.
ಒತ್ತು. ತಡಿ.
ಅರ್ಧ ಸುತ್ತು ಸಡಿಲಿಸಿದೆ.
ಬಂತು, ಹಾಲಿಲ್ಲದ ಚಹಾದ ಬಣ್ಣ,
ಎಂಟು ವರ್ಷ ಯಾರೂ ವಿಚಾರಿಸದ ಎಣ್ಣೆ,
ನಡುನಡುವೆ ಸಾಸಿವೆಯಷ್ಟು ಗುಳ್ಳೆ.
ಬಿಗಿದೆ. ಬಿಡು.

ನಾಲ್ಕನೆಯ ಸಲಕ್ಕೆ ಅವಳ ಫೋನು ಬಡಿದುಕೊಂಡಿತು.
ನಾನು ಬಿಗಿಯುವ ಮೊದಲೇ ಕಾಲು ಎತ್ತಿದಳು.
ನಳಿಕೆಯೊಳಗೆ ಒಂದು ಗುಳ್ಳೆ
ಹಿಮ್ಮುಖವಾಗಿ ತೆವಳಿ ಒಳಗೆ ಸೇರಿತು.
ಕೂಗಿಬಿಟ್ಟೆ.
ಯಾವ ಡಾಕ್ಟರೂ ಕೂಗಿರಲಿಕ್ಕಿಲ್ಲ ಅವಳ ಮೇಲೆ ಹಾಗೆ.
ಕಾರಿನೊಳಗೆ ಸ್ವಲ್ಪ ಹೊತ್ತು ಸದ್ದಿಲ್ಲ.
ಬೇಲಿಯಾಚೆ ಮ್ಯಾಗ್‌ಪೈ ಒಂದು ಗಂಟಲು ಸರಿಮಾಡಿಕೊಂಡಿತು.

ಆಮೇಲೆ, "ಈಗ ನಾ ಹೇಳ್ತೀನಿ, ನೀ ಮಾಡು."
ಆ ದನಿ ನಮ್ಮ ಮನೆಯಲ್ಲಿ ನಾನೆಂದೂ ಕೇಳಿದ್ದಲ್ಲ.
ಊಟಕ್ಕೆ ಏಳಿ ಅನ್ನಲೂ ಹಿಂಜರಿಯುವ ಹೆಂಗಸು.
"ಒತ್ತೀನಿ. ತಡದೀನಿ. ಬಿಚ್ಚು.
ಅವಸರ ಬ್ಯಾಡ. ಮುಚ್ಚು. ಬಿಟ್ಟೆ."
ಮಲಗಿದಲ್ಲೇ ವಿಧೇಯಳಾದೆ.
ಬಾಟಲಿ ನೋಡಿ ಮುಗಿಯಿತು ಅಂದೆ.
ಅವಳು ಒಪ್ಪಲಿಲ್ಲ.
"ಇನ್ನ ಒಳಗ ಗಾಳಿ ಐತಿ. ಪೇರಲಹಣ್ಣು ತುಳದಂಗ ಆಗಾಕತ್ತೈತಿ."
ನನ್ನ ಕಣ್ಣಿಗೆ ಕಾಣದ್ದು ಅವಳ ಅಂಗಾಲಿಗೆ ಗೊತ್ತಿತ್ತು.
ಇನ್ನೂ ಐದು ಸಲ.
ಕೊನೆಯ ಗುಳ್ಳೆ, ನಿಜಕ್ಕೂ, ಒಂದೇ ಒಂದು,
ಅದರ ಹಿಂದೆ ತಿಳಿಜೇನಿನ ಬಣ್ಣದ ಹೊಸ ಎಣ್ಣೆ.
"ಹಾಂ. ಈಗ ಗ್ವಾಡಿ ತುಳದಂಗ ಆತು."

ನಾಲ್ಕೂ ಗಾಲಿ ಮುಗಿಯುವಾಗ ಸೂರ್ಯ ಆಗಲೇ ಸೋತಿದ್ದ.
ಮಡ್‌ಗಾರ್ಡಿನ ಮೇಲೆ ಬಿದ್ದ ಒಂದು ಹನಿ
ತೊಳೆಯುವಷ್ಟರಲ್ಲಿ ಎಂಟಾಣೆಯಗಲ ಬಣ್ಣ ತಿಂದಿತ್ತು.
ಕೆಲ್ವಿನ್ ಎಚ್ಚರಿಸಿದ್ದ, ನಾನೇ ಮರೆತೆ.
ಬಾಟಲಿಗೆ ಚಿಗವ್ವ ಚೀಟಿ ಅಂಟಿಸಿದಳು,
ಔಷಧಿಯ ಶೀಷೆಗೆ ಬರೆಯುವ ಆ ದುಂಡು ಅಕ್ಷರದಲ್ಲಿ:
ಹೊಲಸು. ಯಾರೂ ಮುಟ್ಟಬ್ಯಾಡ್ರಿ.
ಇಡೀ ಬೀದಿಯಲ್ಲಿ ಅದನ್ನು ಓದಬಲ್ಲವರು ನಾವಿಬ್ಬರೇ.

ಕೆರೆಯ ದಾರಿಯಲ್ಲಿ ನಡಿಗೆಯ ವೇಗದಿಂದ ಶುರು ಮಾಡಿ
ನಲವತ್ತಕ್ಕೆ ಏರಿಸಿದೆ.
ಮುಂದೆ ಸಿಗ್ನಲ್ಲು ಕೆಂಪಾಯಿತು.
ಪಕ್ಕದ ಸೀಟಿನಲ್ಲಿ ಅವಳ ಬಲಗಾಲು
ನನ್ನದಕ್ಕಿಂತ ಮೊದಲೇ
ಬರಿ ಮ್ಯಾಟನ್ನು ಒತ್ತಿತು,
ತಡೆಯಿತು,
ಹಸಿರು ಬಂದರೂ ಬಿಡಲಿಲ್ಲ.